ಉಂಬಳದ ಗ್ರೀಕ್ ಹೆಸರು, ಕಾಳಿಂಗನ ಕನ್ನಡ ಹೆಸರು

ಆಷಾಢದ ಮಳೆಯಲ್ಲಿ ತೋಟಕ್ಕೆ ಹೋಗಿ ಬಂದವರು ಮೊದಲು ಕಾಲು ನೋಡಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಕಳೆದ ಮಳೆಗಾಲದಲ್ಲಿ ತಂಗಿಯ ಮಗಳು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಪಿಯುಸಿ ಓದುವ ಹುಡುಗಿ. ತೋಟ ಸುತ್ತಿ ಬಂದವಳು ಕಾಲು ನೋಡಿಕೊಳ್ಳದೆ ನೇರ ಜಗಲಿಯಲ್ಲಿ ಕೂತು, ಜೀವಶಾಸ್ತ್ರದ ಪುಸ್ತಕ ಬಿಚ್ಚಿ, ಮಗ್ಗಿ ಹೇಳಿದ ಹಾಗೆ ಹೇಳತೊಡಗಿದಳು. "ಮ್ಯಾಂಜಿಫೆರಾ ಇಂಡಿಕಾ, ಮಾವು. ಮ್ಯಾಂಜಿಫೆರಾ ಇಂಡಿಕಾ, ಮಾವು." ನಾಲ್ಕನೇ ಸಲಕ್ಕೆ ಕಿರುಚಿದಳು. ಹಿಮ್ಮಡಿಯ ಪಕ್ಕ ಉಂಬಳವೊಂದು, ಅಂದರೆ ನೆಲದ ಜಿಗಣೆ, ರಕ್ತ ಕುಡಿದು ಕಪ್ಪು ದ್ರಾಕ್ಷಿಯಷ್ಟು ದಪ್ಪ ಆಗಿತ್ತು.

ಅಮ್ಮ ಕವಳದ ಬಟ್ಟಲಿಂದ ಸುಣ್ಣ ತಂದು ಹಚ್ಚಿದಳು. ಉಂಬಳ ಉದುರಿತು, ರಕ್ತ ಮಾತ್ರ ಸುಮಾರು ಹೊತ್ತು ನಿಲ್ಲಲಿಲ್ಲ.

"ಇದಕ್ಕೂ ಒಂದು ಕಷ್ಟದ ಹೆಸರು ಇಟ್ಟಿರ್ತಾರಲ್ವಾ ಮಾವ?"

"ಇಟ್ಟಿದಾರೆ. ಹೀಮಡಿಪ್ಸ. ಹೀಮ ಅಂದ್ರೆ ಗ್ರೀಕ್ ಭಾಷೇಲಿ ರಕ್ತ. ನಿನ್ನ ಹಿಮೋಗ್ಲೋಬಿನ್‌ನಲ್ಲಿ ಇರೋದೂ ಅದೇ. ಡಿಪ್ಸ ಅಂದ್ರೆ ಬಾಯಾರಿಕೆ."

ಅವಳು ಒಂದು ಕ್ಷಣ ಕಾಲನ್ನೇ ನೋಡಿದಳು. "ರಕ್ತದ ಬಾಯಾರಿಕೆ! ಸರಿಯಾಗೇ ಇಟ್ಟಿದಾರೆ."

ಆ ಹೆಸರನ್ನು ಅವಳು ಮತ್ತೆ ಬಾಯಿಪಾಠ ಮಾಡಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ವೈಜ್ಞಾನಿಕ ಹೆಸರುಗಳ ಬಗ್ಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ಅವು ಮಂತ್ರಗಳ ಹಾಗೆ ಕೇಳುತ್ತವೆ, ಬಿಡಿಸಿದರೆ ಮಾತುಗಳು. ಉದ್ದಕೊಕ್ಕು, ಮೂರೆಲೆ, ಕರಿಮೈ ಅಂತ ನಾವು ಇಡುವ ಹೆಸರುಗಳ ಜಾತಿಯವೇ. ಇನ್ನೂ ಒಂದು ತಮಾಷೆ ಇದೆ. ಲ್ಯಾಟಿನ್ ವೇಷ ಕಳಚಿದರೆ ಕೆಲವು ಹೆಸರುಗಳ ಒಳಗೆ ನಮ್ಮದೇ ಕನ್ನಡ ಕೂತಿರುತ್ತದೆ. ಅಲ್ಲಿಗೆ ಆಮೇಲೆ ಬರೋಣ.

ಮೊದಲು ಎರಡು ಪದದ ಲೆಕ್ಕ. ನಮ್ಮೂರಲ್ಲಿ ಮೂವರು ಮಂಜುನಾಥರಿದ್ದಾರೆ. ಮೇಲಿನಮನೆ ಮಂಜುನಾಥ, ಕೆಳಗಿನಮನೆ ಮಂಜುನಾಥ, ಹೊಳೆಬದಿ ಮಂಜುನಾಥ. ಮನೆಯ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ವೈಜ್ಞಾನಿಕ ಹೆಸರೂ ಹೀಗೇ. ಮೊದಲ ಪದ ಕುಲದ್ದು, ಅಂದರೆ ಮನೆತನದ್ದು. ಎರಡನೆಯದು ಆ ಮನೆಯ ಯಾರು ಅಂತ ಹೇಳುತ್ತದೆ. ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ 1753ರಲ್ಲಿ ಗಿಡಗಳಿಗೆ, 1758ರಲ್ಲಿ ಪ್ರಾಣಿಗಳಿಗೆ ಈ ಪದ್ಧತಿಯನ್ನು ಉದ್ದಕ್ಕೂ ಬಳಸಿದ. ಅದಕ್ಕೂ ಮೊದಲು ಒಂದು ಗಿಡದ ಹೆಸರೆಂದರೆ ಲ್ಯಾಟಿನ್‌ನಲ್ಲಿ ಒಂದು ಇಡೀ ಸಾಲು. ಎಲೆ ಹೀಗೆ, ಕಾಂಡ ಹೀಗೆ, ಮುಳ್ಳಿಲ್ಲ ಅಂತ ವರ್ಣನೆ. ಲ್ಯಾಟಿನ್ ಆಗ ಯುರೋಪಿನ ಓದಿದವರೆಲ್ಲರ ಬರಹದ ಭಾಷೆ. ಈಗ ಅದು ಯಾರ ಮನೆಮಾತೂ ಅಲ್ಲ, ಹಾಗಾಗಿ ಪದದ ಅರ್ಥ ಕಾಲಕಾಲಕ್ಕೆ ಜಾರಿಹೋಗುವುದಿಲ್ಲ. ಗಿಡಗಳ ವರ್ಣನೆಯನ್ನಂತೂ ತೀರ ಇತ್ತೀಚಿನವರೆಗೆ ಲ್ಯಾಟಿನ್‌ನಲ್ಲೇ ಬರೆಯಬೇಕಿತ್ತು. 2012ರಿಂದ ಇಂಗ್ಲಿಷ್ ಕೂಡ ನಡೆಯುತ್ತದೆ. ಹೆಸರಿಗೆ ಮಾತ್ರ ಈಗಲೂ ಲ್ಯಾಟಿನ್ ರೂಪವೇ ಬೇಕು.

ಊರ ಹೆಸರೇ ಸಾಕಲ್ಲ, ಇದೆಲ್ಲ ಯಾಕೆ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಒಮ್ಮೆ ಪೇಟೆಯ ಒಂದು ಅಂಗಡಿಯಲ್ಲಿ ಬ್ರಾಹ್ಮಿ ಗಿಡ ಕೇಳಿ, ತಂಬುಳಿಗೆ ಆಯಿತು ಅಂತ ಖುಷಿಯಲ್ಲಿ ಮನೆಗೆ ತಂದೆ. ಅಮ್ಮ ನೋಡಿ, "ಇದೆಂಥದ್ದು? ಒಂದೆಲಗ ಎಲ್ಲಿ?" ಅಂದಳು. ಅಂಗಡಿಯವರದ್ದೂ ತಪ್ಪಿಲ್ಲ. ಅವರು ಕೊಟ್ಟಿದ್ದು ಬಕೋಪ ಮೊನಿಯೇರಿ. ಅದಕ್ಕೂ ಬ್ರಾಹ್ಮಿ ಅಂತಲೇ ಹೆಸರು. ನನಗೆ ಬೇಕಿದ್ದದ್ದು ಸೆಂಟೆಲ್ಲ ಏಷಿಯಾಟಿಕ. ಇದನ್ನು ಲಿನ್ನೇಯಸ್ ಹೈಡ್ರೋಕೋಟೈಲ್ ಅಂತ ಕರೆದಿದ್ದ. ಹೈಡ್ರೋ ಅಂದರೆ ನೀರು, ಕೋಟೈಲ್ ಅಂದರೆ ಸಣ್ಣ ಬಟ್ಟಲು. ಬಚ್ಚಲ ನೀರು ಹರಿಯುವಲ್ಲಿ ಹಬ್ಬಿದ ಒಂದೆಲಗದ ಎಲೆಯನ್ನು ನೋಡಿದವರಿಗೆ ಈ 'ನೀರಬಟ್ಟಲು' ಎಷ್ಟು ಒಪ್ಪುತ್ತದೆ ಅಂತ ಗೊತ್ತು. ಆ ಹೆಸರು ಬದಲಾಗಿದ್ದು ನನಗೇನೋ ಬೇಜಾರು.

ಮತ್ತೆ ಉಂಬಳದ ಹೀಮಕ್ಕೆ ಬರೋಣ, ಯಾಕೆಂದರೆ ಅದು ಮಲೆನಾಡಿನ ಇನ್ನೊಂದು ಹೆಸರಿನಲ್ಲೂ ಇದೆ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿನ ಹೆಸರು ಹೀಮಫೈಸಾಲಿಸ್ ಸ್ಪಿನಿಜೆರಾ. ಹೀಮ ರಕ್ತ ಅಂತ ಗೊತ್ತಾಯಿತು. ಫೈಸಾಲಿಸ್ ಅಂದರೆ ಗುಳ್ಳೆ, ಉಬ್ಬಿದ ಚೀಲ. ಹೊಲದ ಬದುವಿನಲ್ಲಿ ಒಂದು ಸಣ್ಣ ಗಿಡ ಬೆಳೆಯುತ್ತದೆ. ಗಾಳಿ ತುಂಬಿದ ತೆಳು ಚೀಲದೊಳಗೆ ಪುಟ್ಟ ಹಣ್ಣು. ಮಕ್ಕಳು ಆ ಚೀಲವನ್ನು ಹಣೆಗೆ ಬಡಿದು ಟಪ್ ಅನ್ನಿಸುತ್ತಾರೆ. ಆ ಗಿಡದ ಕುಲದ ಹೆಸರೂ ಫೈಸಾಲಿಸ್. ಈಗ ದನದ ಕಿವಿಯಲ್ಲಿ ರಕ್ತ ಹೀರಿ ಊದಿಕೊಂಡ ಉಣುಗನ್ನು ನೆನಪು ಮಾಡಿಕೊಳ್ಳಿ. ರಕ್ತದ ಗುಳ್ಳೆ. ಸ್ಪಿನಿಜೆರಾ ಲ್ಯಾಟಿನ್ ಮಾತು, ಮುಳ್ಳು ಹೊತ್ತದ್ದು ಅಂತ ಅರ್ಥ. ಗ್ರೀಕ್ ಮನೆಗೆ ಲ್ಯಾಟಿನ್ ಸೊಸೆ ತಂದ ಹಾಗೆ. ಇಂಥ ಸಂಬಂಧಗಳು ಈ ಹೆಸರುಗಳಲ್ಲಿ ಜಾಸ್ತಿ.

ಅದೇ ಕಾಯಿಲೆಗೆ ಬಲಿಯಾಗುವ ಮಂಗಗಳಲ್ಲಿ ನಮ್ಮ ಮುಸಿಯ ಒಂದು. ಕಪ್ಪು ಮುಖ, ಉದ್ದ ಬಾಲ. ಅದರ ಕುಲದ ಹೆಸರು ಸೆಮ್ನೋಪಿಥೆಕಸ್. ಸೆಮ್ನೋಸ್ ಅಂದರೆ ಪೂಜ್ಯ, ಪಿಥೆಕೋಸ್ ಅಂದರೆ ಮಂಗ. ಹನುಮಂತನ ಕಡೆಯವರು ಅಂತ ನಾವು ಕೈ ಮುಗಿಯುವುದನ್ನು ಯಾರೋ ಗ್ರೀಕ್‌ನಲ್ಲಿ ಬರೆದಿಟ್ಟಿದ್ದಾರೆ. ಮನೆ ಹಂಚು ಕೀಳುವ ಕೆಂಪು ಮುಖದ ಕೋತಿಯ ಹೆಸರು ಮಕಾಕ ರೇಡಿಯೇಟ. ರೇಡಿಯೇಟ ಅಂದರೆ ಸೂರ್ಯನ ಕಿರಣದ ಹಾಗೆ ಹರಡಿದ್ದು. ಅದರ ತಲೆ ಗಮನಿಸಿ. ನಡುನೆತ್ತಿಯಿಂದ ಸುತ್ತಲೂ ಕೂದಲು, ಟೊಪ್ಪಿ ಹಾಕಿದ ಹಾಗೆ. ಹೆಸರಿಟ್ಟವನು ನೋಡಿದ್ದೂ ಅದನ್ನೇ.

ಒಂದು ಬೇರು ಗೊತ್ತಾದರೆ ನಾಲ್ಕು ಮರ ಗೊತ್ತಾಗುತ್ತವೆ. ಕಾರ್ಪೋಸ್ ಅಂದರೆ ಗ್ರೀಕ್‌ನಲ್ಲಿ ಹಣ್ಣು ಅಥವಾ ಕಾಯಿ. ಹಲಸಿನ ಕುಲ ಆರ್ಟೋಕಾರ್ಪಸ್, ಆರ್ಟೋಸ್ ಅಂದರೆ ರೊಟ್ಟಿ. ರೊಟ್ಟಿಹಣ್ಣು. ಹಲಸಿನ ಪೂರ್ತಿ ಹೆಸರು ಆರ್ಟೋಕಾರ್ಪಸ್ ಹೆಟೆರೋಫಿಲ್ಲಸ್. ಹೆಟೆರೋ ಅಂದರೆ ಬೇರೆ ಬೇರೆ, ಫಿಲ್ಲೋನ್ ಅಂದರೆ ಎಲೆ. ಶಾಲೆಯಲ್ಲಿ ಓದಿದ ಕ್ಲೋರೋಫಿಲ್‌ನ ಫಿಲ್ ಇದೇ. ಹಲಸಿನ ಎಲೆಯಲ್ಲಿ ಎಂಥ ಬೇರೆ ಬೇರೆ ಅಂತ ನನಗೂ ಅನ್ನಿಸಿತ್ತು. ಕೊಟ್ಟೆ ಕಡುಬಿಗೆ ಕೊಯ್ಯುವ ಎಲೆ ಎಲ್ಲ ಒಂದೇ ಥರ ಇರುತ್ತದಲ್ಲ! ಆಮೇಲೆ ಬೇಲಿ ಬದಿಯಲ್ಲಿ ತಾನಾಗಿ ಹುಟ್ಟಿದ ಎಳೆ ಹಲಸಿನ ಸಸಿ ನೋಡಿದೆ. ಅದರ ಕೆಲವು ಎಲೆಗಳ ಅಂಚು ಒಳಗೆ ಕತ್ತರಿಸಿ ಕವಲಾದ ಹಾಗಿತ್ತು. ಮರ ದೊಡ್ಡದಾದ ಮೇಲೆ ಅಂಥ ಎಲೆ ಬರುವುದಿಲ್ಲ. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದ ಮರದಲ್ಲಿ ನಾನು ನೋಡದ್ದನ್ನು ಹೆಸರು ತೋರಿಸಿಕೊಟ್ಟಿತು.

ಹೊನ್ನೆ ಮರ ಪ್ಟೆರೋಕಾರ್ಪಸ್. ಪ್ಟೆರೋನ್ ಅಂದರೆ ರೆಕ್ಕೆ. ಹೆಲಿಕಾಪ್ಟರ್‌ನ ಕೊನೆಯ 'ಪ್ಟರ್' ಅದೇ. ಹೊನ್ನೆಯ ಕಾಯಿ ಚಪ್ಪಟೆ, ದುಂಡಗೆ, ಸುತ್ತಲೂ ತೆಳು ರೆಕ್ಕೆ. ಅದರ ಎರಡನೇ ಹೆಸರು ಮಾರ್ಸೂಪಿಯಮ್, ಅಂದರೆ ದುಡ್ಡಿನ ಚೀಲ. ನಾವು ಹೊನ್ನು ಅಂದೆವು, ಅವರು ಚೀಲ ಕೊಟ್ಟರು! ಕಾನಿನ ದೊಡ್ಡ ಮರ ಡಿಪ್ಟೆರೋಕಾರ್ಪಸ್ ಇಂಡಿಕಸ್‌ನ ಕಾಯಿಗೆ ಎರಡು ಉದ್ದ ರೆಕ್ಕೆ, ಉದುರುವಾಗ ಗಿರಗಿರ ತಿರುಗುತ್ತ ಬರುತ್ತದೆ. ಡಿ ಅಂದರೆ ಎರಡು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು ಸೆಮೆಕಾರ್ಪಸ್. ಸೆಮೆಯೋನ್ ಅಂದರೆ ಗುರುತು.

ಹೆಸರಿನ ಕೊನೆ ಯಾಕೆ ಒಮ್ಮೆ ಇಂಡಿಕಾ, ಒಮ್ಮೆ ಇಂಡಿಕಸ್, ಒಮ್ಮೆ ಇಂಡಿಕಮ್? ಇದು ಇಂಗ್ಲಿಷ್ ಮಾತ್ರ ಗೊತ್ತಿದ್ದವರಿಗೆ ತಲೆನೋವು, ನಮಗೆ ಸಲೀಸು. ಕನ್ನಡದಲ್ಲಿ ಕರಿಯ, ಕರಿಯಳು, ಕರಿಯದು ಅನ್ನುವುದಿಲ್ವಾ, ಹಾಗೇ. ಕಾಳುಮೆಣಸು ಪೈಪರ್ ನೈಗ್ರಮ್. ಪೈಪರ್ ಲ್ಯಾಟಿನ್‌ನಲ್ಲಿ ನಪುಂಸಕಲಿಂಗ, ಆದ್ದರಿಂದ ನೈಗ್ರಮ್, ಕರಿಯದು. ಶ್ರೀಗಂಧ ಸ್ಯಾಂಟಲಮ್ ಆಲ್ಬಮ್, ಬಿಳಿಯದು. ಮಾವು ಇಂಡಿಕಾ, ಎಳ್ಳು ಇಂಡಿಕಮ್. ಎಲ್ಲದರ ಅರ್ಥವೂ ಇಂಡಿಯಾದ್ದು ಅಂತಲೇ. ಹುಣಸೆಯದ್ದಂತೂ ಇನ್ನೂ ಮಜಾ. ಟ್ಯಾಮರಿಂಡಸ್ ಇಂಡಿಕಾ. ಟ್ಯಾಮರಿಂಡ್ ಅರಬ್ಬಿಯ 'ತಮರ್ ಹಿಂದಿ', ಅಂದರೆ ಹಿಂದ್ ದೇಶದ ಖರ್ಜೂರ. ಮೇಲೊಂದು ಇಂಡಿಕಾ. ಎರಡೆರಡು ಸಲ ಇಂಡಿಯಾದ್ದು ಅಂತ ಸಾರಿ ಹೇಳಿದ ಮರದ ಮೂಲ ಆಫ್ರಿಕಾ!

ಹೆಸರು ಸುಳ್ಳಾದರೆ ಬದಲಿಸಬಾರದಾ? ಇಲ್ಲ, ಅರ್ಥ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಬದಲಿಸುವ ಹಾಗಿಲ್ಲ. ಬಡವನ ಮಗನಿಗೆ ಕುಬೇರ ಅಂತ ಹೆಸರಿಟ್ಟರೆ ಕಂದಾಯ ಇಲಾಖೆ ತಿದ್ದುತ್ತದೆಯೇ? ನಮ್ಮ ಗುಡ್ಡಗಳ ಮೇಲೆಲ್ಲ ನೆಟ್ಟಿರುವ ಅಕೇಶಿಯಾ ನೋಡಿ. ಆ ಪದದ ಬೇರು ಮುಳ್ಳಿನ ಮೊನೆಗೆ ಸಂಬಂಧಿಸಿದ್ದು. ಇದಕ್ಕೋ ಮುಳ್ಳೇ ಇಲ್ಲ. ಆದರೆ ಎರಡನೇ ಪದ ಆರಿಕ್ಯುಲಿಫಾರ್ಮಿಸ್ ಸುಳ್ಳು ಹೇಳುವುದಿಲ್ಲ. ಕಿವಿಯಾಕಾರದ್ದು ಅಂತ ಅರ್ಥ. ಒಣಗಿ ಸುರುಳಿಯಾದ ಕಾಯಿ ಎತ್ತಿಕೊಂಡು ನೋಡಿದರೆ ಕಿವಿಯೇ. ಇನ್ನು ಕೆಲವು ಹೆಸರುಗಳಲ್ಲಿ ವರ್ಣನೆಯ ಬದಲು ಪುರಾಣ ಇರುತ್ತದೆ. ಶರಾವತಿ ಕಣಿವೆಯ ಸಿಂಗಳೀಕ ಮಕಾಕ ಸೈಲೀನಸ್. ಸೈಲೀನಸ್ ಗ್ರೀಕರ ಕಥೆಗಳಲ್ಲಿ ಬರುವ ಗಡ್ಡದ ಮುದುಕ, ಮದ್ಯದ ದೇವರ ಒಡನಾಡಿ. ಸಿಂಗಳೀಕದ ಗಡ್ಡ ಕಂಡವರಿಗೆ ಅವನ ನೆನಪಾಗಿದ್ದರಲ್ಲಿ ಆಶ್ಚರ್ಯವಿಲ್ಲ. ನಾಗರಹಾವಿನದು ನಾಜಾ ನಾಜಾ. ಸಂಸ್ಕೃತದ ನಾಗವನ್ನೇ ಎರಡು ಸಲ ಹೇಳಿದ್ದು. ಪ್ರಾಣಿಗಳಲ್ಲಿ ಹೀಗೆ ಒಂದೇ ಪದ ಎರಡು ಸಲ ಬರಬಹುದು, ಗಿಡಗಳಲ್ಲಿ ನಿಷಿದ್ಧ.

ಈಗ ಕವಳದ ಬಟ್ಟಲನ್ನೇ ಮುಂದಿಟ್ಟುಕೊಳ್ಳೋಣ. ಅಡಿಕೆಯ ವೈಜ್ಞಾನಿಕ ಹೆಸರು ಅರೇಕಾ ಕೆಟೆಚು. ಲಿನ್ನೇಯಸ್ 1753ರಲ್ಲಿ ಇಟ್ಟಿದ್ದು. ಇದರಲ್ಲಿ ಲ್ಯಾಟಿನ್ ಬೇರು ಹುಡುಕಿದರೆ ಸಿಗುವುದಿಲ್ಲ. ಮಲಯಾಳದ ಅಡಕ್ಕ ಪೋರ್ಚುಗೀಸರ ಬಾಯಲ್ಲಿ ಅರೇಕ ಆಯಿತು. ಅಡಕ್ಕ ನಮ್ಮ ಅಡಿಕೆಯ ಒಡಹುಟ್ಟು. ಕೆಟೆಚು ನಮ್ಮ ಕಾಚು. ದೂರದ ಮಲೇಷ್ಯಾ ಕಡೆಯ ಮಲಯ ಭಾಷೆಯಲ್ಲೂ ಅದು ಕಾಚುವೇ. ಕಾಚು ತೆಗೆಯುವ ಮರವೇ ಬೇರೆ, ಅದರ ಹೆಸರು ಸೆನೆಗಾಲಿಯಾ ಕೆಟೆಚು. ಎರಡಕ್ಕೂ ಒಂದೇ ಬಾಲ. ಎಲೆಯ ಹೆಸರು ಪೈಪರ್ ಬೀಟ್ಲ್. ಬೀಟ್ಲ್ ಅಂದರೆ ಮಲಯಾಳದ ವೆಟ್ಟಿಲ. ಕೊನೆಯ 'ಇಲ' ನಮ್ಮ ಎಲೆ. ಪೈಪರ್ ಗ್ರೀಕರ ಪೆಪೆರಿ, ಅದು ಸಂಸ್ಕೃತದ ಪಿಪ್ಪಲಿ, ನಮ್ಮ ಹಿಪ್ಪಲಿ. ಅಡಿಕೆ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿ ಯಾವುದು, ಮೆಣಸಿನ ಬಳ್ಳಿ ಯಾವುದು ಅಂತ ಪೇಟೆಯಿಂದ ಬಂದ ನೆಂಟರು ತಬ್ಬಿಬ್ಬಾಗುತ್ತಾರಲ್ಲ, ಅದು ಅವರ ತಪ್ಪಲ್ಲ. ಎರಡೂ ಒಂದೇ ಮನೆಯವು, ಪೈಪರ್ ಮನೆ.

ತೋಟಕ್ಕೆ ಬಂದಿದ್ದೇವೆ, ಹಾಗಾಗಿ ಕೊಳೆರೋಗವನ್ನು ಬಿಡುವ ಹಾಗಿಲ್ಲ. ಅಡಿಕೆಗೆ ಕೊಳೆ ತರುವ ಜೀವಿ ಫೈಟಾಫ್ತೊರ. ಫೈಟೋನ್ ಅಂದರೆ ಗಿಡ, ಫ್ತೊರ ಅಂದರೆ ನಾಶ. ಜರ್ಮನಿಯ ಆಂಟನ್ ಡಿ ಬಾರಿ 1876ರಲ್ಲಿ ಇಟ್ಟ ಹೆಸರು. ಅವನ ಮುಂದಿದ್ದದ್ದು ನಮ್ಮ ಅಡಿಕೆ ಗೊನೆಯಲ್ಲ, ಐರ್ಲೆಂಡಿನಲ್ಲಿ 1845ರಿಂದ ಬರಗಾಲ ತಂದ ಆಲೂಗಡ್ಡೆಯ ಅಂಗಮಾರಿ. ಆದರೂ ಮಳೆ ಬಿಡದೆ ಹೊಡೆದು, ಮರದ ಬುಡದಲ್ಲಿ ಹಸಿರು ಕಾಯಿ ರಾಶಿ ಬಿದ್ದ ಬೆಳಗ್ಗೆ ಆ ಹೆಸರು ನೆನಪಾದರೆ, ಬೇರೆ ವಿವರಣೆ ಬೇಡ. ಔಷಧಿ ಹೊಡೆಸಲು ಮರ ಹತ್ತುವ ಕೊನೆಗೌಡ ಸಿಗದೆ ಒದ್ದಾಡಿದವರಿಗೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ.

ಅದೇ 1876ರಲ್ಲಿ ಇನ್ನೊಂದು ಹೆಸರೂ ಹುಟ್ಟಿತು. ಕಾಫಿಗೂ ಕೊಳೆರೋಗ ಬರುತ್ತದೆ, ಅದನ್ನು ತರುವುದು ಬೇರೆ ಶಿಲೀಂಧ್ರ. ಎಲೆಯ ಮೇಲೆ ತೆಳು ಪೊರೆಯ ಹಾಗೆ ಹಬ್ಬಿ ಎಲೆಯನ್ನು ಕಪ್ಪಾಗಿಸುತ್ತದೆ. ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಕುಕ್ ಅದಕ್ಕೆ ಪೆಲಿಕ್ಯುಲೇರಿಯಾ ಕೊಳೆರೋಗ ಅಂತ ಹೆಸರಿಟ್ಟ. ಪೆಲಿಕ್ಯುಲ ಅಂದರೆ ಲ್ಯಾಟಿನ್‌ನಲ್ಲಿ ತೆಳು ಪೊರೆ. ಕೊಳೆರೋಗ ಅಂದರೆ ಕೊಳೆರೋಗವೇ! ತೋಟದವರ ಬಾಯಿಮಾತು ಹಾಗೇ ಹೋಗಿ ಕೂತಿತು. 1958ರಲ್ಲಿ ಡಾಂಕ್ ಅನ್ನುವ ಡಚ್ ವಿಜ್ಞಾನಿ ಅದನ್ನು ಮನೆತನದ ಹೆಸರಿಗೇ ಏರಿಸಿ ಕೊಳೆರೋಗ ನಾಕ್ಸಿಯಾ ಮಾಡಿದ. ಹಾನಿಕಾರಕ ಕೊಳೆರೋಗ ಅಂತ ಅರ್ಥ. ಮುಂದೆ ಅದನ್ನು ಬೇರೆ ಕುಲಕ್ಕೆ ಸೇರಿಸಿದರು. ಆದರೆ ಒಮ್ಮೆ ಅಚ್ಚಾದ ಹೆಸರು ಹಳೆಯ ಹೆಸರುಗಳ ಪಟ್ಟಿಯಲ್ಲಿ ಉಳಿದೇ ಉಳಿಯುತ್ತದೆ.

ಊರ ಹೆಸರು ಸೇರಿಸುವುದಕ್ಕೆ ಲ್ಯಾಟಿನ್‌ನಲ್ಲಿ 'ಎನ್ಸಿಸ್' ಅನ್ನುವ ಬಾಲ ಇದೆ. ಇಂಥ ಊರಿನದು ಅಂತ. ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳ ಜೌಗಿನಲ್ಲಿ, ಸಿಕ್ಕ ಒಂದು ಮರಕ್ಕೆ 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಹೆಸರಿಟ್ಟರು. ಗುರುತಿನ ಕಾಯಿಯ ಸೆಮೆಕಾರ್ಪಸ್ ಆಗಲೇ ಪರಿಚಯ ಆಗಿದೆ. ಮುಂದಿನದ್ದು ಕತ್ತಲೆ, ಅದರ ಮುಂದಿನದ್ದು ಕಾನು, ಕೊನೆಗೆ ಲ್ಯಾಟಿನ್ ಬಾಲ. ಮೂರು ಭಾಷೆ ಒಂದೇ ಹೆಸರಲ್ಲಿ. ಹಗಲಲ್ಲೂ ಬಿಸಿಲು ನೆಲ ಮುಟ್ಟದ ಕಾಡಿಗೆ ನಮ್ಮ ಹಿರಿಯರು ಇಟ್ಟ ಹೆಸರನ್ನು ಈಗ ಪ್ರಪಂಚದ ಯಾವ ಮೂಲೆಯ ಸಸ್ಯಶಾಸ್ತ್ರಿಯೂ ಪೂರ್ತಿ ಉಚ್ಚರಿಸಬೇಕು. ಕಷ್ಟಪಡಲಿ ಬಿಡಿ, ನಾವೂ ಪಟ್ಟಿದ್ದೇವೆ.

ಅದೇ ಸೀಮೆಯ ತೊರೆಗಳಲ್ಲಿ ಒಂದು ಕಪ್ಪೆ ಇದೆ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ತೊರೆಯ ತಳದಿಂದ ಕೈಯಲ್ಲಿ ಮಣ್ಣು ಎತ್ತಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. 2014ರಲ್ಲಿ ಅದನ್ನು ವರ್ಣಿಸಿದ ಗುರುರಾಜ ಮತ್ತು ಜೊತೆಗಾರರು ಇಟ್ಟ ಹೆಸರು ನಿಕ್ಟಿಬಟ್ರೇಕಸ್ ಕುಂಬಾರ. ನಿಕ್ಸ್ ಅಂದರೆ ರಾತ್ರಿ, ಬಟ್ರಾಕೋಸ್ ಅಂದರೆ ಕಪ್ಪೆ. ಕುಂಬಾರ ಯಾರು ಅಂತ ನಿಮಗೆ ನಾನು ಹೇಳಬೇಕಾ?

ಕೊನೆಗೆ ಆಗುಂಬೆಯ ದೊಡ್ಡವನು. ಕಾಳಿಂಗ ಸರ್ಪದ ಕುಲದ ಹೆಸರು ಒಫಿಯೋಫೇಗಸ್. ಓಫಿಸ್ ಹಾವು, ಫೇಗಸ್ ತಿನ್ನುವುದು. ಹಾವು ತಿನ್ನುವ ಹಾವು. ಕೇರೆಹಾವಿನ ಬೆನ್ನು ಹತ್ತಿ ಅದು ಅಂಗಳಕ್ಕೇ ಬಂದ ಕಥೆ ಮಲೆನಾಡಿನಲ್ಲಿ ಎಷ್ಟು ಮನೆಗಳಲ್ಲಿಲ್ಲ! 1836ರಿಂದ ಸುಮಾರು 190 ವರ್ಷ, ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಇರುವುದೆಲ್ಲ ಒಂದೇ ಪ್ರಭೇದ ಅಂತ ಲೆಕ್ಕ ಇತ್ತು. 2024ರಲ್ಲಿ ಅದನ್ನು ನಾಲ್ಕಾಗಿ ಬಿಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಬಂದ ಹೊಸ ಹೆಸರು ಒಫಿಯೋಫೇಗಸ್ ಕಾಳಿಂಗ. ಮನೆತನ ಗ್ರೀಕ್, ಸ್ವಂತ ಹೆಸರು ಕನ್ನಡ.

ಇದನ್ನು ತಂಗಿಯ ಮಗಳಿಗೆ ಹೇಳುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಅವಳು ಖುಷಿಯಿಂದ "ಕಾಳಿಂಗ! ಒಫಿಯೋಫೇಗಸ್ ಕಾಳಿಂಗ!" ಅಂತ ಎರಡು ಸಲ ಗಟ್ಟಿಯಾಗಿ ಹೇಳಿದಳು. ಅಮ್ಮ ಒಳಗಿಂದಲೇ ಗದರಿದಳು.

"ಮುಸ್ಸಂಜೆ ಹೊತ್ತಲ್ಲಿ ಅದರ ಹೆಸರು ಹೇಳ್ಬೇಡಿ ಅಂತ ಎಷ್ಟು ಸಲ ಹೇಳೋದು? ಹುಳ ಅನ್ನಿ, ಸಾಕು."

ಹುಡುಗಿ ಸ್ವಲ್ಪ ಯೋಚಿಸಿ ಕೇಳಿದಳು: "ಅಜ್ಜಿ, ಬರೀ ಒಫಿಯೋಫೇಗಸ್ ಅಂದ್ರೆ ಅಡ್ಡಿ ಇಲ್ವಾ?"

"ಅದೇನಾದ್ರೂ ಹೇಳ್ಕೋ. ಅದಕ್ಕೆ ಅರ್ಥ ಆಗಲ್ಲ."